ಹಾಡು ಊರಿನದಾಯಿತು, ಬರೆದವರ ಹೆಸರೆಲ್ಲಿ?

ಬೆಂಗಳೂರಿನ ಉತ್ತರಕ್ಕೆ ಬಾಗಲೂರಿನಿಂದ ದೇವನಹಳ್ಳಿವರೆಗಿನ ಯಾವ ಊರಿನ ಜಾತ್ರೆಗೆ, ಗಣೇಶೋತ್ಸವಕ್ಕೆ, ರಾಜ್ಯೋತ್ಸವಕ್ಕೆ ಹೋದರೂ ರಾತ್ರಿ ಹತ್ತರ ಹೊತ್ತಿಗೆ ಆರ್ಕೆಸ್ಟ್ರಾದವರು ಮೈಕಿನಲ್ಲಿ ಒಂದು ಮಾತು ಹೇಳುತ್ತಾರೆ: ‘ಈಗ ನಿಮ್ಮೆಲ್ಲರ ಮೆಚ್ಚಿನ ಜನಪದ ಗೀತೆ.’ ತಮಟೆಗೆ ಪೆಟ್ಟು ಬೀಳುತ್ತದೆ, ಹುಡುಗರು ಕುರ್ಚಿ ಸರಿಸಿ ಎದ್ದು ನಿಲ್ಲುತ್ತಾರೆ. ಆ ಹಾಡುಗಳಲ್ಲಿ ಕೆಲವು ನಿಜಕ್ಕೂ ಬೀಸುವ ಕಲ್ಲಿನ ಮುಂದೆ, ಕಳೆ ಕೀಳುವ ಸಾಲಿನಲ್ಲಿ ಹುಟ್ಟಿ ಬಾಯಿಂದ ಬಾಯಿಗೆ ಬಂದವು. ಇನ್ನು ಕೆಲವನ್ನು ನಮ್ಮದೇ ಕಾಲದ ಒಬ್ಬ ಕವಿ ಮೇಜಿನ ಮುಂದೆ ಕುಳಿತು, ಹೊಡೆದು ಹಾಕಿ, ತಿದ್ದಿ ಬರೆದಿದ್ದಾನೆ. ಮೈಕಿನಲ್ಲಿ ಎರಡಕ್ಕೂ ಒಂದೇ ಹೆಸರು.

ಇದನ್ನು ಕವಿಗೆ ಸಂದ ಗೌರವ ಎಂದು ಹೇಳುವವರಿದ್ದಾರೆ. ಬರೆದದ್ದು ಊರಿನ ಮಾತೇ ಆಗಿಹೋಯಿತಲ್ಲ, ಇನ್ನೇನು ಬೇಕು ಎನ್ನುತ್ತಾರೆ. ಅದು ಅರ್ಧ ಸತ್ಯ. ಹಳ್ಳಿಯ ಸೊಗಡಿನ ಹಾಡು ಬರೆದು ಬದುಕಬೇಕೆಂದು ಹೊರಟವನಿಗೆ ‘ಜನಪದ’ ಎಂಬ ಆ ಒಂದು ಪಟ್ಟಿಯಿಂದಲೇ ಹೆಸರೂ ಹೋಗುತ್ತದೆ, ಹಣವೂ ಹೋಗುತ್ತದೆ. ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿ ‘ಕಂಟ್ರಿ’ ಎಂಬ ಅಲ್ಲಿನ ಹಳ್ಳಿ ಸೊಗಡಿನ ಹಾಡು ಬರೆಯುವುದೇ ಒಂದು ಉದ್ಯೋಗ. ನಮ್ಮಲ್ಲಿ ಅದು ಉದ್ಯೋಗವಾಗಲು ಏನು ಅಡ್ಡಿ ಎಂದು ಕೇಳಿಕೊಂಡಾಗಲೆಲ್ಲ ನನಗೆ ಸಿಗುವ ಮೊದಲ ಉತ್ತರ ಇದೇ: ಹೆಸರು ಹೇಳದಿರುವುದು.

ಮೇಷ್ಟ್ರ ಸಂಬಳ, ಕವಿಯ ಹಾಡು

ಕನ್ನಡದಲ್ಲಿ ಈ ಮಾತಿಗೆ ಒಬ್ಬರನ್ನು ಉದಾಹರಣೆಯಾಗಿ ಹೇಳಬೇಕೆಂದರೆ ದೊಡ್ಡರಂಗೇಗೌಡರನ್ನು ಹೇಳಬೇಕು. ಹುಟ್ಟಿದ್ದು 1946ರಲ್ಲಿ, ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ಕುರುಬರಹಳ್ಳಿಯಲ್ಲಿ. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ ಆಧರಿಸಿ 1978ರಲ್ಲಿ ಬಂದ ‘ಪರಸಂಗದ ಗೆಂಡೆತಿಮ್ಮ’ ಚಿತ್ರಕ್ಕೆ ರಾಜನ್-ನಾಗೇಂದ್ರ ಸಂಗೀತದಲ್ಲಿ ಅವರು ಬರೆದ ಹಾಡುಗಳು ಕನ್ನಡ ಸಿನಿಮಾ ಗೀತೆಗೆ ಬಯಲುಸೀಮೆಯ ಹಳ್ಳಿಯ ಆಡುಮಾತನ್ನು ತಂದುಕೊಟ್ಟವು. ಆಮೇಲೆ ಸಿ. ಅಶ್ವತ್ಥ್ ಸಂಗೀತದಲ್ಲಿ ಅವರ ಹಾಡುಗಳ ‘ಮಾವು ಬೇವು’ ಕ್ಯಾಸೆಟ್ ಬಂತು, ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡಿದರು. ಆ ಕ್ಯಾಸೆಟ್ ಕೇಳದ ಮನೆ ಒಂದು ಕಾಲಕ್ಕೆ ಈ ಸೀಮೆಯಲ್ಲಿ ಅಪರೂಪವಾಗಿತ್ತು. 2018ರಲ್ಲಿ ಪದ್ಮಶ್ರೀ, 2023ರ ಜನವರಿಯಲ್ಲಿ ಹಾವೇರಿಯ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ. ಇಷ್ಟೆಲ್ಲ ಮನ್ನಣೆ ಪಡೆದವರ ಹಾಡನ್ನೂ ಜನಪದವೆಂದೇ ತಿಳಿದು ಹಾಡುವವರು ಇಂದಿಗೂ ಇದ್ದಾರೆ.

ಹಣದ ಮಾತಿಗೆ ಬಂದರೆ, ದೊಡ್ಡರಂಗೇಗೌಡರಿಗೆ ಮನೆ ನಡೆಸಲು ಆಧಾರವಾಗಿದ್ದದ್ದು ಬೆಂಗಳೂರಿನ ಕಾಲೇಜಿನ ಕನ್ನಡ ಅಧ್ಯಾಪಕ ವೃತ್ತಿ. ಬಾಗಲೂರಿಗೆ ಇನ್ನೂ ಹತ್ತಿರದ ಹೆಸರು ಕೆ.ಎಸ್. ನಿಸಾರ್ ಅಹಮದ್. ಇಲ್ಲೇ ಪಕ್ಕದ ದೇವನಹಳ್ಳಿಯಲ್ಲಿ 1936ರಲ್ಲಿ ಹುಟ್ಟಿದವರು. ಮೈಸೂರು ಅನಂತಸ್ವಾಮಿ ಸ್ವರ ಹಾಕಿದ ಅವರ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ಟಾಗಿ ಬಂದಾಗ ಕನ್ನಡ ಭಾವಗೀತೆಗೆ ಹೊಸ ಮಾರುಕಟ್ಟೆಯೇ ತೆರೆಯಿತು. ಕವಿಯ ಉದ್ಯೋಗ ಭೂವಿಜ್ಞಾನದ ಪಾಠ ಹೇಳುವುದು. 2006ರ ಕೊನೆಗೆ ‘ಮುಂಗಾರು ಮಳೆ’ ಚಿತ್ರ ಬಂದು ಜಯಂತ ಕಾಯ್ಕಿಣಿ ಗೀತಕಾರರಾಗಿ ಮನೆಮಾತಾದರು. ಅವರೂ ಮುಂಬೈಯ ಔಷಧ ಕಂಪನಿಗಳಲ್ಲಿ ವರ್ಷಗಟ್ಟಲೆ ರಸಾಯನ ವಿಜ್ಞಾನಿಯಾಗಿ ದುಡಿದವರೇ.

ಹಾಡನ್ನೇ ನಂಬಿ ಬದುಕಿದವರೂ ಇದ್ದಾರೆ. ಚಿ. ಉದಯಶಂಕರ್ 1993ರಲ್ಲಿ ತೀರಿಕೊಳ್ಳುವವರೆಗೆ ಹಾಡಿನ ಜೊತೆಗೆ ಸಂಭಾಷಣೆಯನ್ನೂ ಬರೆದರು, ಭಕ್ತಿಗೀತೆಗಳ ಕ್ಯಾಸೆಟ್ಟಿಗೂ ಬರೆದರು. ಹಂಸಲೇಖ ಸಾಹಿತ್ಯ, ಸಂಗೀತ ಎರಡನ್ನೂ ಒಂದೇ ಕೈಯಲ್ಲಿ ಹಿಡಿದರು. ಹಾಡೊಂದನ್ನೇ ನಂಬಿದವರು ಕೂಡ ಬರೀ ಹಾಡಿನ ಸಾಲಿನಿಂದ ಬದುಕಲಿಲ್ಲ ಎಂಬುದನ್ನು ಹೊಸಬರು ಗಮನಿಸಬೇಕು.

ರಾಗಿ ಮೆದೆಯ ಮೇಲಿನ ಬೆಳದಿಂಗಳು

ಹಾಡು ಬರೆಯುವುದೆಂದರೆ ಕವಿತೆ ಬರೆದು ಯಾರಿಗೋ ಕೊಡುವುದು ಎಂಬ ಭಾವನೆ ಇದೆ. ಈಗ ಬಹುಪಾಲು ಹಾಡಿನಲ್ಲಿ ಮಟ್ಟು ಮೊದಲು ಬರುತ್ತದೆ, ಮಾತು ಆಮೇಲೆ. ಸಂಗೀತ ನಿರ್ದೇಶಕ ಫೋನಿಗೆ ‘ತಾನನ ತನತಾ ತಾನಾನ’ ಎಂದು ಗುನುಗಿ ಕಳಿಸುತ್ತಾನೆ, ಬೆಳಗಾಗುವಷ್ಟರಲ್ಲಿ ಪಲ್ಲವಿ ಬೇಕೆನ್ನುತ್ತಾನೆ. ಇಲ್ಲಿನ ಕೆಲಸ ಕೂದಲೆಳೆಯಷ್ಟು ನವಿರು. ನಾನೇ ಕಟ್ಟಿದ ಒಂದು ಸಾಲಿನಿಂದ ತೋರಿಸುತ್ತೇನೆ.

ಮಟ್ಟಿನಲ್ಲಿ ನಾಲ್ಕು ಮಾತ್ರೆ, ಮತ್ತೆ ನಾಲ್ಕು, ಕೊನೆಗೆ ಐದು. ಸುಗ್ಗಿಯ ರಾತ್ರಿಯ ಸನ್ನಿವೇಶ. ‘ರಾಗಿಯ’ ಎಂದರೆ ನಾಲ್ಕು ಮಾತ್ರೆ, ಕೂತಿತು. ‘ಮೆದೆ ಮೇಲೆ’ ಎಂದರೆ ಐದಾಗುತ್ತದೆ, ಒಂದು ಹೆಚ್ಚು. ‘ಬೆಳದಿಂಗಳು’ ಆರು, ಅಲ್ಲೂ ಒಂದು ಹೆಚ್ಚು. ಪುಸ್ತಕದ ಕನ್ನಡ ಮಟ್ಟಿನ ಹೊರಗೆ ಚೆಲ್ಲುತ್ತದೆ. ಈಗ ಅದನ್ನೇ ಜಾಲ ಹೋಬಳಿಯ ಒಬ್ಬ ಅಜ್ಜಿ ಹೇಳುವ ಹಾಗೆ ಹೇಳಿ: ‘ರಾಗಿಯ ಮೆದೆ ಮ್ಯಾಲ್ ಬೆಳ್ದಿಂಗ್ಳು.’ ನಾಲ್ಕು, ನಾಲ್ಕು, ಐದು. ‘ತಾನಾನ’ ಎಂಬಲ್ಲಿ ಗುರು ಗುರು ಲಘು ಇದೆ, ‘ಬೆಳ್ದಿಂಗ್ಳು’ ಎಂಬಲ್ಲೂ ಅದೇ ಇದೆ. ಕಿವಿ ಮಟ್ಟಿನ ಮೇಲಿದ್ದರೆ ಆಡುಮಾತು ತಾನಾಗಿ ಬಂದು ತನ್ನ ಜಾಗದಲ್ಲಿ ಕೂರುತ್ತದೆ. ಹಳ್ಳಿಯ ಮಾತನ್ನು ಸೊಗಸಿಗಾಗಿ ಹಾಡಿಗೆ ಮೆತ್ತುವವರ ಹಾಡು ಸೋಲುವುದು, ಕಿವಿಯಿಂದ ತಂದವರ ಹಾಡು ಉಳಿಯುವುದು ಇಲ್ಲೇ.

ಅಂಥ ಕಿವಿಗೆ ಈ ಸೀಮೆ ಒಳ್ಳೆಯ ಗುರು. ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರು ತೆಲುಗು, ಕನ್ನಡ ಎರಡರಲ್ಲೂ ಕಟ್ಟಿದ ಪದಗಳು ಭಜನೆ ಮನೆಗಳಲ್ಲಿ ಇನ್ನೂ ಉಸಿರಾಡುತ್ತಿವೆ. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂತು. ಕೋಲಾರದ ಕಡೆ ಗೊಲ್ಲಹಳ್ಳಿ ಶಿವಪ್ರಸಾದ್, ಪಿಚ್ಚಳ್ಳಿ ಶ್ರೀನಿವಾಸ್ ಹಾಡನ್ನು ಹೋರಾಟದ ಬೀದಿಗೆ ಒಯ್ದರು. ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಕನ್ನಡ, ಈಗ ರಸ್ತೆಯಲ್ಲಿ ಹಿಂದಿ ಕೇಳಿಸಿಕೊಂಡು ಬೆಳೆಯುವ ಬಾಗಲೂರಿನ ಹುಡುಗನ ಕಿವಿಯಲ್ಲಿ ಎಷ್ಟೊಂದು ಲಯಗಳಿವೆ!

ವಸ್ತುವಿಗೂ ಬರವಿಲ್ಲ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ಇಳಿಯತೊಡಗಿದ ಮೇಲೆ ಇಲ್ಲಿನ ರಾಗಿ ಹೊಲ, ದ್ರಾಕ್ಷಿ ತೋಟಗಳು ಒಂದೊಂದಾಗಿ ಲೇಔಟ್ ಆದವು. ಏರೋಸ್ಪೇಸ್ ಪಾರ್ಕ್ ಬಂತು. ಅಪ್ಪ ಉತ್ತ ಹೊಲದ ಮೇಲೆ ಎದ್ದ ಕಾಂಪೌಂಡಿನ ಗೇಟಿನಲ್ಲಿ ಮಗ ಸೆಕ್ಯುರಿಟಿ ಕೆಲಸಕ್ಕೆ ನಿಂತರೆ, ಅದಕ್ಕಿಂತ ದೊಡ್ಡ ಹಾಡಿನ ವಸ್ತು ಎಲ್ಲಿದೆ? ಅಮೆರಿಕದ ಕಂಟ್ರಿ ಹಾಡೂ ಬೆಳೆದದ್ದು ಕೈತಪ್ಪಿದ ಜಮೀನು, ಬಿಟ್ಟುಬಂದ ಮನೆ, ರಾತ್ರಿಯಿಡೀ ಲಾರಿ ಓಡಿಸುವವನ ಒಂಟಿತನ ಇವುಗಳ ಮೇಲೆ. ನಮ್ಮ ಉತ್ತರ ಕರ್ನಾಟಕದ ಯೂಟ್ಯೂಬ್ ಹಾಡುಗಳಲ್ಲಿ ಡ್ರೈವರ್, ಕುರಿಗಾಹಿ, ಟ್ರ್ಯಾಕ್ಟರ್ ಓಡಿಸುವವ ನಾಯಕರಾಗಿರುವುದೂ ಅದೇ ಕಾರಣಕ್ಕೆ. ಮಾಳು ನಿಪನಾಳ, ಬಾಳು ಬೆಳಗುಂದಿ ಅಂಥವರು ತಾವೇ ಬರೆದು ತಾವೇ ಹಾಡಿ ಹೆಸರು ಮಾಡಿದರು. ಆ ಹಾಡುಗಳ ಮಾತು ಒರಟು ಎಂದು ಮೂಗು ಮುರಿಯುವವರ ಜೊತೆ ನಾನಿಲ್ಲ. ತನ್ನ ಊರಿನ ಮಾತಿನಲ್ಲಿ ಬರೆದು ಲಕ್ಷಾಂತರ ಜನರನ್ನು ತಲುಪುವುದು ಕೈಲಾಗದವರ ಕೆಲಸವಲ್ಲ.

ಎರಡು ಸೆಂಟಿನ ಹಾಡು

ನ್ಯಾಶ್‌ವಿಲ್‌ನಲ್ಲಿ ಹಾಡುವವರು ಬೇರೆ, ಬರೆಯುವವರು ಬೇರೆ ಎಂಬ ಪದ್ಧತಿ ಬಹಳ ಕಾಲದಿಂದ ಗಟ್ಟಿಯಾಗಿದೆ. ಬರೆಯುವವರು ಪ್ರಕಾಶನ ಸಂಸ್ಥೆಯೊಂದರ ಜೊತೆ ಒಪ್ಪಂದ ಮಾಡಿಕೊಳ್ಳುತ್ತಾರೆ. ಸಂಸ್ಥೆ ತಿಂಗಳು ತಿಂಗಳು ಒಂದಿಷ್ಟು ಕೊಡುತ್ತದೆ. ಅದು ಸಂಬಳವಲ್ಲ, ಮುಂದೆ ಬರುವ ರಾಯಧನದಲ್ಲಿ ಹಿಡಿದುಕೊಳ್ಳುವ ಮುಂಗಡ. ದಿನಕ್ಕೊಬ್ಬರ ಜೊತೆ ಸಮಯ ಗೊತ್ತು ಮಾಡಿಕೊಂಡು ಇಬ್ಬರು ಮೂವರು ಕೂಡಿ ಬರೆಯುತ್ತಾರೆ. ಬರೆದದ್ದರಲ್ಲಿ ರೆಕಾರ್ಡ್ ಆಗುವುದೇ ಕೆಲವು. ಅಲ್ಲೂ ಯಾರಿಗೂ ಹಾಸಿಗೆ ಹಾಸಿಟ್ಟಿಲ್ಲ. ಆಕ್ಸ್‌ಫರ್ಡಿನಲ್ಲಿ ಓದಿದ ಕ್ರಿಸ್ ಕ್ರಿಸ್ಟೋಫರ್ಸನ್ ಅಲ್ಲಿನ ಕೊಲಂಬಿಯಾ ಸ್ಟುಡಿಯೊದಲ್ಲಿ ಕಸ ಗುಡಿಸಿ, ಆಮೇಲೆ ದೊಡ್ಡ ಗೀತಕಾರನಾದ.

ಆದರೆ ಅಲ್ಲಿ ಲೆಕ್ಕ ಇದೆ. 1909ರ ಕಾನೂನು ಒಂದು ರೆಕಾರ್ಡಿಗೆ ಒಂದು ಹಾಡಿಗೆ 2 ಸೆಂಟ್ ಎಂದು ನಿಗದಿ ಮಾಡಿತು, 1977ರವರೆಗೂ ಅದು ಹಾಗೇ ಇತ್ತು. 2023ರಲ್ಲಿ ಅದು 12 ಸೆಂಟ್ ಆಯಿತು. ಮೊತ್ತ ಸಣ್ಣದು, ಆದರೆ ಪ್ರತಿ ಪ್ರತಿಗೂ ಬರುತ್ತದೆ, ವರ್ಷಗಟ್ಟಲೆ ಬರುತ್ತದೆ. ಡಾಲಿ ಪಾರ್ಟನ್ ಬರೆದು 1974ರಲ್ಲಿ ಹೊರತಂದ ‘ಐ ವಿಲ್ ಆಲ್ವೇಸ್ ಲವ್ ಯೂ’ ಹಾಡನ್ನು ಎಲ್ವಿಸ್ ಪ್ರೀಸ್ಲಿ ಹಾಡಲು ಬಯಸಿದ. ಅವನ ವ್ಯವಸ್ಥಾಪಕ, ಹಾಗಾದರೆ ಪ್ರಕಾಶನ ಹಕ್ಕಿನಲ್ಲಿ ಅರ್ಧ ಕೊಡಿ ಎಂದ. ಅಷ್ಟು ದೊಡ್ಡ ಗಾಯಕನ ಬಾಯಲ್ಲಿ ತನ್ನ ಹಾಡು ಬರುವ ಅವಕಾಶವನ್ನು ಅವಳು ಬಿಟ್ಟುಕೊಟ್ಟಳು, ಹಕ್ಕನ್ನು ಬಿಡಲಿಲ್ಲ. 1992ರಲ್ಲಿ ವಿಟ್ನಿ ಹ್ಯೂಸ್ಟನ್ ಅದೇ ಹಾಡನ್ನು ಸಿನಿಮಾಕ್ಕೆ ಹಾಡಿದಾಗ ಅದು ಜಗತ್ತನ್ನೇ ಸುತ್ತಿತು. ಹಕ್ಕು ಡಾಲಿಯ ಬಳಿಯೇ ಇತ್ತು.

‘ಜನಪದ ಅಂತ ಹಾಕ್ಬಿಡೋಣ ಬಿಡೋ’

ಈಗ ನಮ್ಮೂರಿಗೆ ಬರೋಣ. ಬಾಗಲೂರು ಕ್ರಾಸಿನ ಕಡೆ ಬಾಡಿಗೆ ಕೋಣೆಯಲ್ಲಿ ಒಂದು ಸಣ್ಣ ಸ್ಟುಡಿಯೊ ಇದೆ ಎಂದುಕೊಳ್ಳಿ. ಹಗಲು ಕ್ಯಾಬ್ ಓಡಿಸಿ ರಾತ್ರಿ ಹಾಡು ಬರೆಯುವ ಹುಡುಗ ಒಬ್ಬ ಅಲ್ಲಿಗೆ ಬರುತ್ತಾನೆ. ಹಾಡು ರೆಕಾರ್ಡ್ ಆಗುತ್ತದೆ, ಕೈಗೆ ಒಂದಿಷ್ಟು ಹಣವೂ ಬರುತ್ತದೆ.

‘ಅಣ್ಣಾ, ಸಾಹಿತ್ಯ ಅಂತ ನನ್ನ ಹೆಸರು ಹಾಕ್ತೀರಲ್ವಾ?’

‘ಜನಪದ ಅಂತ ಹಾಕ್ಬಿಡೋಣ ಬಿಡೋ. ವ್ಯೂಸ್ ಜಾಸ್ತಿ ಬರುತ್ತೆ.’

ಇಷ್ಟೇ ಮಾತು. ಎದುರಿಗಿರುವವರು ಕೆಟ್ಟವರೇ ಆಗಬೇಕಿಲ್ಲ, ಅವರಿಗೂ ಬಾಡಿಗೆ ಕಟ್ಟುವ ಚಿಂತೆ. ಆದರೆ ಹುಡುಗ ಆ ಕ್ಷಣದಲ್ಲಿ ಏನನ್ನು ಕಳೆದುಕೊಂಡ ಎಂದು ಅವನಿಗೆ ಹೇಳುವವರು ಯಾರೂ ಇಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

1957ರ ನಮ್ಮ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಒಂದು ಹಾಡಿನಲ್ಲಿ ಮೂರು ಆಸ್ತಿಗಳಿವೆ: ಸಾಹಿತ್ಯ, ಸ್ವರ, ಧ್ವನಿಮುದ್ರಣ. ಸಾಹಿತ್ಯದ ಮೊದಲ ಒಡೆಯ ಬರೆದವನೇ. ಎಲ್ಲೂ ನೋಂದಣಿ ಮಾಡಿಸದಿದ್ದರೂ ಬರೆದ ಗಳಿಗೆಯಿಂದ ಹಕ್ಕು ಅವನದು, ಅವನು ತೀರಿಕೊಂಡ ಮೇಲೂ 60 ವರ್ಷ ಮನೆಯವರದು. ಹಾಗಾದರೆ ನಮ್ಮ ಹಿರಿಯ ಚಿತ್ರಸಾಹಿತಿಗಳಿಗೆ ರಾಯಧನ ಏಕೆ ಬರಲಿಲ್ಲ? ಬೇರೆ ಒಪ್ಪಂದ ಇಲ್ಲದಿದ್ದರೆ ಚಿತ್ರಕ್ಕಾಗಿ ಹಣ ಕೊಟ್ಟು ಬರೆಸಿದ ಹಾಡಿನ ಹಕ್ಕು ನಿರ್ಮಾಪಕರದು ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆಮೇಲೆ ದಶಕಗಟ್ಟಲೆ ನಡೆದದ್ದು ಅದೇ. ಒಂದು ಸಲ ಹಣ, ಒಂದು ಸಹಿ, ಅಲ್ಲಿಗೆ ಮುಗಿಯಿತು. ಕ್ಯಾಸೆಟ್ ಸಾವಿರ ಹೋದರೂ ಲಕ್ಷ ಹೋದರೂ ಬರೆದವರಿಗೆ ಅಷ್ಟೇ.

2012ರ ಜೂನ್ 21ರಿಂದ ಜಾರಿಗೆ ಬಂದ ತಿದ್ದುಪಡಿ ಇದನ್ನು ಬದಲಿಸಿತು. ರಾಜ್ಯಸಭೆಯಲ್ಲಿದ್ದ ಗೀತಕಾರ ಜಾವೇದ್ ಅಖ್ತರ್ ಇದಕ್ಕಾಗಿ ಗಟ್ಟಿಯಾಗಿ ದನಿ ಎತ್ತಿದ್ದರು. ಈಗ ಬರೆದವರು ಹಾಡಿನ ಹಕ್ಕನ್ನು ಮಾರಿದರೂ ರಾಯಧನ ಪಡೆಯುವ ಹಕ್ಕನ್ನು ಮಾರುವಂತಿಲ್ಲ, ಬಿಟ್ಟುಕೊಡುವಂತೆಯೂ ಇಲ್ಲ. ವಾರಸುದಾರರಿಗೆ ಇಲ್ಲವೇ ಹಕ್ಕು ವಸೂಲಿ ಮಾಡುವ ಸೊಸೈಟಿಗೆ ಮಾತ್ರ ಅದನ್ನು ವಹಿಸಬಹುದು. ಹಕ್ಕು ಕೊಂಡವರ ಜೊತೆ ಸಮಪಾಲು. ಚಿತ್ರಮಂದಿರದಲ್ಲಿ ಸಿನಿಮಾದ ಜೊತೆ ಹಾಡು ಕೇಳಿಸಿದ್ದಕ್ಕೆ ಪಾಲಿಲ್ಲ, ರೇಡಿಯೊ, ಟಿ.ವಿ., ಮೊಬೈಲ್ ಆ್ಯಪ್, ವೇದಿಕೆ ಇವುಗಳಿಗೆ ಇದೆ. ಸಿನಿಮಾಕ್ಕೆ ಸೇರದ ಆಲ್ಬಮ್ ಹಾಡಿಗೂ ಇದು ಅನ್ವಯ. ‘ಎಲ್ಲ ಹಕ್ಕೂ ಬಿಟ್ಟಿದ್ದೇನೆ’ ಎಂದು ಹುಡುಗ ಬರೆದುಕೊಟ್ಟಿದ್ದರೂ ರಾಯಧನದ ಮಟ್ಟಿಗೆ ಆ ಸಾಲಿಗೆ ಬೆಲೆಯಿಲ್ಲ.

ಒಪ್ಪಂದವೂ ಹಾಗೆಯೇ. ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು. ಎಷ್ಟು ವರ್ಷ ಎಂದು ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಎಂದೇ ಓದುತ್ತದೆ, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಓದುತ್ತದೆ. ಇನ್ನೊಂದು ಮುಖ್ಯ ಮಾತು: ಹಕ್ಕನ್ನೆಲ್ಲ ಮಾರಿದ ಮೇಲೂ ‘ಇದನ್ನು ಬರೆದವನು ನಾನು’ ಎಂದು ಹೇಳಿಕೊಳ್ಳುವ ಹಕ್ಕು ಬರೆದವನ ಬಳಿಯೇ ಉಳಿಯುತ್ತದೆ. ಕಾಯಿದೆಯ 57ನೇ ಕಲಮು ಅದನ್ನು ಬಿಡಿಸಿ ಹೇಳಿದೆ. ಜನಪದ ಎಂದು ಹಾಕಿದಾಗ ಮುರಿದದ್ದು ಈ ಹಕ್ಕು.

ಹಣ ವಸೂಲಿಗೆ 1969ರಲ್ಲಿ ಹುಟ್ಟಿದ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ ಇದೆ. ಐ.ಪಿ.ಆರ್.ಎಸ್. ಎಂದೇ ಅದರ ಬಳಕೆಯ ಹೆಸರು. 2017ರಲ್ಲಿ ಹೊಸ ಕಾನೂನಿನಡಿ ಮರುನೋಂದಣಿಯಾದ ಮೇಲೆ ಬರೆದವರಿಗೆ, ಸ್ವರ ಹಾಕಿದವರಿಗೆ ರಾಯಧನ ಹಂಚುತ್ತಿದೆ. ಧ್ವನಿಮುದ್ರಿಕೆ ಪ್ರಸಾರ ಮಾಡುವ ಎಫ್.ಎಂ. ರೇಡಿಯೊಗಳು ಬರೆದವರಿಗೂ ಸ್ವರ ಹಾಕಿದವರಿಗೂ ಕೊಡಬೇಕೆಂದು 2023ರ ಏಪ್ರಿಲ್‌ನಲ್ಲಿ ಬಾಂಬೆ ಹೈಕೋರ್ಟ್ ಹೇಳಿತು. ಆದರೆ ಸೊಸೈಟಿಯ ಪಟ್ಟಿಯಲ್ಲಿ ಹಾಡಿನ ಮುಂದೆ ಹೆಸರೇ ಇಲ್ಲದಿದ್ದರೆ ಹಣ ಯಾರಿಗೆ ಹೋಗಬೇಕು? ‘ಸಾಹಿತ್ಯ: ಜನಪದ’ ಎಂದು ದಾಖಲಾದ ಹಾಡಿಗೆ ಕೇಳುವ ಒಡೆಯನೇ ಇಲ್ಲ. ಯೂಟ್ಯೂಬಿನಲ್ಲೂ ಇದೇ ಕತೆ. ಅಲ್ಲಿ ಧ್ವನಿಯನ್ನು ಗುರುತಿಸುವ ಯಂತ್ರ ಯಾರು ಮೊದಲು ತನ್ನದೆಂದು ದಾಖಲಿಸಿದರೋ ಅವರನ್ನೇ ನೋಡುತ್ತದೆ. ಬರೆದವನ ನೋಟ್‌ಬುಕ್ ಅದಕ್ಕೆ ಕಾಣುವುದಿಲ್ಲ.

ಕೊನೆಯ ನುಡಿಯಲ್ಲಿ ಕವಿಯ ಹೆಸರು

ಹಾಡಿನಲ್ಲಿ ಹೆಸರು ಕೇಳುವುದು ದುರಾಸೆ, ನಮ್ಮ ಸಂಸ್ಕೃತಿಯಲ್ಲಿ ಹಾಗಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ವಚನಕಾರರು, ದಾಸರು, ತತ್ವಪದಕಾರರು ಎಲ್ಲರೂ ಅಂಕಿತ ಹಾಕಿದವರು. ಪುರಂದರವಿಠಲ ಎಂದರೆ ಯಾರ ಪದ ಎಂದು ಗೊತ್ತು. ಶಿಶುನಾಳಾಧೀಶ ಎಂದರೆ ಶರೀಫರದು, ಅಮರನಾರೇಯಣ ಎಂದರೆ ಕೈವಾರದ ತಾತಯ್ಯನವರದು. ದೇವರ ಹೆಸರಿನಲ್ಲೇ ಹಾಡಿನ ಗುರುತು ಉಳಿಯಿತು, ಶತಮಾನ ಕಳೆದರೂ ಅಳಿಸಲಿಲ್ಲ. ಉತ್ತರ ಕರ್ನಾಟಕದ ಲಾವಣಿ, ಗೀಗಿ ಪದಗಳಲ್ಲಿ ಕೊನೆಯ ನುಡಿಗೆ ಬಂದಾಗ ಊರು, ಗುರು, ಕವಿ ಮೂರೂ ಹೆಸರು ಬರುತ್ತವೆ. ಅದೇ ಪದ್ಧತಿಯನ್ನು ಇಂದಿನ ಯೂಟ್ಯೂಬ್ ಹಾಡುಗಾರರೂ ಹಿಡಿದಿದ್ದಾರೆ, ಕೊನೆಯ ಚರಣದಲ್ಲಿ ತಮ್ಮ ಊರನ್ನೂ ಹೆಸರನ್ನೂ ಹಾಡಿಯೇ ಬಿಡುತ್ತಾರೆ. ಬೆಂಗಳೂರಿನ ಸುತ್ತಲಿನ ಹೊಸ ಹುಡುಗರು ಅವರಿಂದ ಮೊದಲು ಕಲಿಯಬೇಕಾದದ್ದು ಇದನ್ನೇ.

ನಿಜವಾದ ಜನಪದದ ಮಾತು ಬೇರೆ. 1931ರಲ್ಲಿ ಹಲಸಂಗಿ ಗೆಳೆಯರು ‘ಗರತಿಯ ಹಾಡು’ ಸಂಗ್ರಹ ತಂದಾಗ ಆ ತ್ರಿಪದಿಗಳಿಗೆ ಒಬ್ಬ ಕವಿಯನ್ನು ಹುಡುಕುವ ಹಾಗಿರಲಿಲ್ಲ. ತಲೆಮಾರುಗಳ ಹೆಂಗಸರು ಬೀಸುತ್ತಾ ಕುಟ್ಟುತ್ತಾ ಕಟ್ಟಿದ್ದು ಅವು. ಅಂಥ ಹಾಡನ್ನು ಯಾರೋ ತಮ್ಮ ಹೆಸರಿಗೆ ಬರೆಸಿಕೊಂಡರೆ ಅದೂ ಅನ್ಯಾಯವೇ. ಆ ಹೆಂಗಸರ ಹಾಡು ಎಲ್ಲರದಾಗಿ ಉಳಿಯಲಿ, ಈ ಹುಡುಗನ ಹಾಡು ಅವನದಾಗಿ ಉಳಿಯಲಿ.

ಹಾಡು ಬರೆದೇ ಬದುಕುತ್ತೇನೆ ಎನ್ನುವವರಿಗೆ ನಾನು ಹೇಳುವುದು ಇಷ್ಟು. ಮೊದಲ ಕೆಲವು ವರ್ಷ ಬೇರೊಂದು ದುಡಿಮೆ ಇಟ್ಟುಕೊಳ್ಳಿ, ನಿಸಾರ್ ಅಹಮದರಿಗೆ ಬಾರದ ಅವಮಾನ ನಿಮಗೇನೂ ಬರುವುದಿಲ್ಲ. ಸ್ವರ ಹಾಕುವ ಗೆಳೆಯನನ್ನು ಹುಡುಕಿಕೊಳ್ಳಿ, ಪಾಲು ಎಷ್ಟೆಂದು ಹಾಡು ಹೊರಬರುವ ಮೊದಲೇ ಮಾತಾಡಿ ಬರೆದಿಡಿ. ಬರೆದದ್ದನ್ನು ತಾರೀಖಿನ ಸಮೇತ ನಿಮಗೇ ಮೇಲ್ ಮಾಡಿಕೊಳ್ಳಿ. ಹಾಡು ಬಿಡುಗಡೆಯಾದ ಮೇಲೆ ಸೊಸೈಟಿಯ ಸದಸ್ಯರಾಗಿ, ಪ್ರತಿ ಹಾಡನ್ನೂ ನಿಮ್ಮ ಹೆಸರಿಗೆ ದಾಖಲಿಸಿ. ಹೆಸರಿಲ್ಲದ ಕಾಗದಕ್ಕೆ ಸಹಿ ಹಾಕಬೇಡಿ.

ಇನ್ನೊಂದು ಮನವಿ ಊರಿನವರಿಗೆ. ಮುಂದಿನ ರಾಜ್ಯೋತ್ಸವಕ್ಕೆ, ಊರ ಹಬ್ಬಕ್ಕೆ ಆರ್ಕೆಸ್ಟ್ರಾ ಕರೆಸುವ ಸಮಿತಿಯವರೇ, ಪ್ರತಿ ಹಾಡಿನ ಮೊದಲು ಬರೆದವರ ಹೆಸರನ್ನೊಮ್ಮೆ ಮೈಕಿನಲ್ಲಿ ಹೇಳಿಸಿ. ಅದಕ್ಕೆ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ.